ಟಾಲೆಮಿಯ ಮುಚ್ಚಿದ ಕಡಲು

ಹಿರಿಯರು ಹೇಳಿದ್ದು ಸರಿಯಲ್ಲವೆಂದು ಗೊತ್ತಾದ ಮೇಲೂ ಅವರ ಮೇಲಿನ ಗೌರವ ಉಳಿಸಿಕೊಳ್ಳುವುದು ಹೇಗೆ? ಎದುರಾಡದೆ ತಲೆಯಾಡಿಸುವುದೇ ಗೌರವವೆಂದು ನಂಬಿ ನಮ್ಮಲ್ಲಿ ಬಹಳ ಮಂದಿ ಹೆಣ್ಣುಮಕ್ಕಳು ಬಾಳು ಕಳೆದಿದ್ದಾರೆ. ಸೊಸೆಯಂದಿರ ಈ ಪ್ರಶ್ನೆ ಯುರೋಪಿನ ಪಂಡಿತರನ್ನೂ ನೂರು ವರ್ಷ ಕಾಡಿತ್ತೆಂದರೆ ನೀವು ನಗಬಹುದು. ಅಲ್ಲಿಯ ಹಿರಿಯನ ಹೆಸರು ಟಾಲೆಮಿ.

ಈತ ಎರಡನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿದ್ದವನು. ವರ್ತಕರು ತಂದ ಸುದ್ದಿ, ಹಿಂದಿನವರ ಬರಹ, ಹಡಗು ಎಷ್ಟು ದಿನ ಸಾಗಿತೆಂಬ ಅಂದಾಜು ಎಲ್ಲವನ್ನೂ ಕೂಡಿಸಿ, ಸುಮಾರು 8000 ಸ್ಥಳಗಳಿಗೆ ಅಕ್ಷಾಂಶ ರೇಖಾಂಶ ಬರೆದಿಟ್ಟ. ಆ ಪಟ್ಟಿಯಲ್ಲಿ ನಮ್ಮ ಬನವಾಸಿಯೂ ಇದೆ. ತವರೂರಿನ ಹೆಸರನ್ನು ಪರದೇಶದ ಕಾಗದದಲ್ಲಿ ಕಂಡಂಥ ಖುಷಿ! ಆದರೆ ಅವನ ಲೆಕ್ಕದಂತೆ ಭೂಪಟ ಬರೆದರೆ, ಕೆಳಕ್ಕೆ ಚಾಚಬೇಕಾದ ದಕ್ಷಿಣ ಭಾರತ ತಟ್ಟಿದ ರೊಟ್ಟಿಯ ಹಾಗೆ ಚಪ್ಪಟೆ. ತಪ್ರೊಬೇನ್ ಎಂಬ ಹೆಸರಿನ ಲಂಕೆ ಹತ್ತು ಪಟ್ಟಿಗೂ ಮಿಕ್ಕಿ ಊದಿಕೊಂಡಿದೆ. ಹಿಂದೂ ಮಹಾಸಾಗರವಂತೂ ಸುತ್ತ ನೆಲವಿರುವ ದೊಡ್ಡದೊಂದು ಕೆರೆ.

ಈ ಗ್ರಂಥ 15ನೆಯ ಶತಮಾನದ ಆರಂಭದಲ್ಲಿ ಲ್ಯಾಟಿನ್ನಿಗೆ ಬಂತು. 1477ರಲ್ಲಿ ಇಟಲಿಯ ಬೊಲೋನಾದಲ್ಲಿ ಭೂಪಟಗಳೊಡನೆ ಅಚ್ಚಾಯಿತು. 1488ರಲ್ಲಿ ಪೋರ್ಚುಗಲ್ಲಿನ ಡಯಾಸ್ ಆಫ್ರಿಕದ ತುದಿಯನ್ನು ಬಳಸಿದ. ಹತ್ತು ವರ್ಷಕ್ಕೆ ಗಾಮ ಕಲ್ಲಿಕೋಟೆಗೆ ಬಂದ. ಕೆರೆಗೆ ಬಾಗಿಲಿದೆಯೆಂದು ಹಡಗಿನ ಕೂಲಿಯಾಳಿಗೂ ತಿಳಿಯಿತು. ಆದರೂ ಗ್ರಂಥ ಅಚ್ಚಾಗುತ್ತಲೇ ಇತ್ತು. 1513ರ ಸ್ಟ್ರಾಸ್‌ಬರ್ಗ್ ಮುದ್ರಣದಲ್ಲಿ 27 ಹಳೆಯ ಭೂಪಟಗಳು, ಅವುಗಳ ಹಿಂದೆಯೇ 20 ಹೊಸವು. ಅತ್ತೆಗೂ ಹೂಂ, ಗಂಡನಿಗೂ ಹೂಂ ಎಂದ ಹಾಗೆ.

ತಮಾಷೆಯೆಂದರೆ, ಭೂಮಿಯ ವಿಷಯದಲ್ಲಿ ಇತ್ತೀಚಿನ ವರದಿಯನ್ನೇ ಅನುಸರಿಸಬೇಕೆಂದು ಟಾಲೆಮಿಯೇ ತನ್ನ ಗ್ರಂಥದ ಮೊದಲ ಭಾಗದಲ್ಲಿ ಬರೆದಿದ್ದ. ತನಗಿಂತ ಹಿಂದಿನ ಮರಿನಸ್ ಎಂಬುವನನ್ನು ಬಾಯ್ತುಂಬ ಹೊಗಳಿ, ಅವನ ತಪ್ಪುಗಳನ್ನು ಮುಲಾಜಿಲ್ಲದೆ ತಿದ್ದಿದ್ದ. ಭಕ್ತರು ಅವನ ಅಂಕಿಗಳನ್ನು ಜೋಪಾನ ಮಾಡಿದರು. ಆ ಮಾತನ್ನು ಮಾತ್ರ ಕೈಬಿಟ್ಟರು. ಇದಕ್ಕೆ ಗೌರವವೆನ್ನಲು ನನಗೆ ಮನಸ್ಸು ಬಾರದು.

ನಾನು ಮೆಚ್ಚುವುದು ಮರ್ಕೇಟರನನ್ನು. ಶಾಲೆಯ ಗೋಡೆಯ ಭೂಪಟದಿಂದಾಗಿ ಇವನ ಹೆಸರು ನಮಗೆ ಪರಿಚಿತ. 1569ರಲ್ಲಿ ಇವನು ತನ್ನ ಕಾಲಕ್ಕೆ ತಿಳಿದಿದ್ದ ಪ್ರಪಂಚವನ್ನು ಬರೆದ. ಅದರಲ್ಲಿ ಕಡಲು ತೆರೆದಿದೆ. 1578ರಲ್ಲಿ ಟಾಲೆಮಿಯ ಭೂಪಟಗಳನ್ನು ಪ್ರತ್ಯೇಕವಾಗಿ ಪ್ರಕಟಿಸಿದ. ನಕಲು ಮಾಡಿದವರ ಕೈಯಿಂದ ನೂರಾರು ವರ್ಷ ಸೇರಿಕೊಂಡಿದ್ದ ದೋಷಗಳನ್ನು ಕಷ್ಟಪಟ್ಟು ತೆಗೆದ. ಟಾಲೆಮಿಯವೇ ಆದ ತಪ್ಪುಗಳನ್ನು ಮುಟ್ಟಲಿಲ್ಲ. ಅಲ್ಲಿ ಭಾರತ ಚಪ್ಪಟೆಯಾಗಿಯೇ ಇದೆ, ಕಡಲು ಮುಚ್ಚಿಯೇ ಇದೆ. ಹಿರಿಯ ಹೇಳಿದ್ದು ಇದು, ನಾವು ಕಂಡದ್ದು ಅದು, ಒಂದರೊಳಗೊಂದು ಬೆರೆಸಲಿಲ್ಲ.

ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಗೆಳತಿಯೊಬ್ಬರು, "ಅವನಿಗೇನ್ರೀ ಕಷ್ಟ? ಟಾಲೆಮಿ ಸತ್ತು ಸಾವಿರದ ನಾನೂರು ವರ್ಷ ಆಗಿತ್ತು. ನಮ್ಮತ್ತೆ ನಡುಮನೆಯಲ್ಲಿ ಕೂತಿದ್ದಾರೆ" ಎಂದರು. ಅದೂ ನಿಜವೇ. ಅವರಿಗೆ ಹೇಳಲು ಮರ್ಕೇಟರನ ಉಪಾಯ ಸಾಲದು.