ಶೀರ್ಷಪ್ರಹೇಲಿಕೆ: ಎಣಿಕೆಯ ತುದಿ ಮತ್ತು ಅನಂತ

ಜೈನ ಆಗಮಗಳಲ್ಲೊಂದಾದ ಅನುಯೋಗದ್ವಾರ ಸೂತ್ರವು ಕಾಲಮಾನಗಳನ್ನು ವಿವರಿಸುವಾಗ 84 ಲಕ್ಷ ವರ್ಷಗಳನ್ನು ಒಂದು ‘ಪೂರ್ವಾಂಗ’ವೆಂದೂ, 84 ಲಕ್ಷ ಪೂರ್ವಾಂಗಗಳನ್ನು ಒಂದು ‘ಪೂರ್ವ’ವೆಂದೂ ಕರೆದು, ಮುಂದೆಯೂ ಅದೇ ಗುಣಕದಿಂದ ಗುಣಿಸುತ್ತ ಸಾಗಿ, 28ನೆಯ ಮೆಟ್ಟಿಲಲ್ಲಿ ‘ಶೀರ್ಷಪ್ರಹೇಲಿಕೆ’ ಎಂಬ ಮಾನವನ್ನು ಮುಟ್ಟುತ್ತದೆ. ಅದರಾಚೆಗಿನ ಕಾಲವನ್ನು ಅಂಕಿಗಳಿಂದಲ್ಲ, ಪಲ್ಯೋಪಮ, ಸಾಗರೋಪಮಗಳೆಂಬ ಉಪಮೆಗಳಿಂದ ಹೇಳಲಾಗಿದೆ. ಎಣಿಕೆ ನಿಂತು ಉಪಮೆ ಮೊದಲಾಗುವ ಈ ಎಡೆಯಲ್ಲಿ ಅರಿವಿನ ಎಲ್ಲೆಯೂ ಮುಗಿಯುತ್ತದೆಯೇ ಎಂಬುದು ವಿಚಾರಿಸತಕ್ಕ ಪ್ರಶ್ನೆ.

84 ಲಕ್ಷದ 28ನೆಯ ಘಾತವಾದ, ಎಂದರೆ ಅದನ್ನು 28 ಸಲ ಬರೆದು ಪರಸ್ಪರ ಗುಣಿಸಿದಾಗ ದೊರೆಯುವ, ಈ ಸಂಖ್ಯೆಯಲ್ಲಿ 194 ಸ್ಥಾನಗಳಿದ್ದು, ಮೊದಲ 54 ಸ್ಥಾನಗಳ ಬಳಿಕ ಉಳಿದ 140ರಲ್ಲಿಯೂ ಸೊನ್ನೆಗಳೇ ಇವೆ. ಒಂದೊಂದಾಗಿ ಎಣಿಸಿ ಇದನ್ನು ಮುಟ್ಟುವುದು ಯಾರಿಂದಲೂ ಆಗದ ಮಾತು. ಆದರೂ ಇದರ ಒಳರಚನೆಯಲ್ಲಿ ಗುಟ್ಟೇನೂ ಇಲ್ಲ. 84 ಲಕ್ಷವು 2, 3, 5, 7 ಎಂಬ ನಾಲ್ಕೇ ಅವಿಭಾಜ್ಯಗಳಿಂದ, ಅಂದರೆ 1 ಮತ್ತು ತಮ್ಮನ್ನು ಬಿಟ್ಟು ಬೇರಾವುದರಿಂದಲೂ ಭಾಗವಾಗದ ಸಂಖ್ಯೆಗಳಿಂದ, ಆದುದಾದ್ದರಿಂದ ಅದರ ಈ ಘಾತವನ್ನು 11 ಆಗಲಿ 13 ಆಗಲಿ ಶೇಷವಿಲ್ಲದೆ ಭಾಗಿಸಲಾರದು. ಘಾತಾಂಕವಾದ 28 ಸಮಸಂಖ್ಯೆಯಾದುದರಿಂದ ಇದು ಪೂರ್ಣವರ್ಗವೂ ಹೌದು. ಇದನ್ನು ಸರಿಯಾಗಿ 196 ಸಲ ಅರ್ಧಿಸಬಹುದು, 197ನೆಯ ಸಲ ಸಾಧ್ಯವಿಲ್ಲ. ಇದರ ಭಾಜಕಗಳು ಒಟ್ಟು 2,33,60,457. ಕಣ್ಣು ಕಾಣದ, ಕೈ ಎಣಿಸದ ಸಂಖ್ಯೆಯನ್ನು ಬುದ್ಧಿ ಇಷ್ಟು ನಿಶ್ಚಯವಾಗಿ ತಿಳಿಯಬಲ್ಲದೆಂದರೆ, ಅರಿವು ಎಣಿಕೆಯನ್ನಲ್ಲ, ನಿಯಮವನ್ನು ನೆಚ್ಚಿದೆ ಎಂದಂತಾಯಿತು.

ಹಾಗೆಂದು ಈ ಮಹಾಸಂಖ್ಯೆ ಅನಂತದ ನೆರೆಮನೆಯೇನೂ ಅಲ್ಲ. ಜೈನ ದಾರ್ಶನಿಕರು ಸಂಖ್ಯೆಗಳನ್ನು ಎಣಿಕೆಗೆ ಸಿಗುವ ಸಂಖ್ಯಾತ, ಎಣಿಕೆಗೆ ಮೀರಿದ ಅಸಂಖ್ಯಾತ ಮತ್ತು ಕೊನೆಯಿಲ್ಲದ ಅನಂತ ಎಂದು ವಿಂಗಡಿಸಿದ್ದು ಧಾರ್ಮಿಕವಾದ ಒಂದು ತೊಡಕನ್ನು ಬಿಡಿಸುವುದಕ್ಕೂ ನೆರವಾಯಿತು. ಜೀವಗಳು ಮುಕ್ತಿ ಪಡೆಯುತ್ತಲೇ ಇರುವುದಾದರೆ, ಮುಕ್ತರಾದವರು ಮರಳಿ ಬಾರದಿರುವುದಾದರೆ, ಸಂಸಾರವು ಎಂದಾದರೊಂದು ದಿನ ಬರಿದಾಗಬೇಕಲ್ಲವೇ? ಜೀವಗಳು ಶೀರ್ಷಪ್ರಹೇಲಿಕೆಯಷ್ಟಿದ್ದಿದ್ದರೆ ಹಾಗೆಯೇ ಆಗುತ್ತಿತ್ತು, ಏಕೆಂದರೆ ಎಷ್ಟೇ ದೊಡ್ಡ ಸಾಂತರಾಶಿಯೂ ಒಂದೊಂದಾಗಿ ಕಳೆಯುತ್ತ ಹೋದರೆ ತೀರುತ್ತದೆ. ಆಯವಿಲ್ಲದೆ ವ್ಯಯವಾಗುತ್ತಿದ್ದರೂ ತೀರದ ರಾಶಿಯೇ ಅನಂತ ಎಂಬುದು ವೀರಸೇನಾಚಾರ್ಯರು ಧವಲಾ ಟೀಕೆಯಲ್ಲಿ ಎತ್ತಿಹಿಡಿಯುವ ನಿಲುವು. ಮೂಡುಬಿದಿರೆಯ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಾಗಿ ಶತಮಾನಗಳ ಕಾಲ ಉಳಿದುಬಂದ ಈ ಗ್ರಂಥವೇ, ಒಂದು ರಾಶಿಯನ್ನು ಎಷ್ಟು ಸಲ ಅರ್ಧಿಸಬಹುದೆಂಬ ಲೆಕ್ಕಕ್ಕೆ ‘ಅರ್ಧಚ್ಛೇದ’ವೆಂಬ ಹೆಸರನ್ನೂ ಬಳಸಿದೆ.

ಆದುದರಿಂದ ದೊಡ್ಡದು ಬೆಳೆದು ಅನಂತವಾಗುವುದಿಲ್ಲ. ಅವೆರಡರ ಭೇದ ಪ್ರಮಾಣದ್ದಲ್ಲ, ಜಾತಿಯದು. ಶೀರ್ಷಪ್ರಹೇಲಿಕೆಗೆ ಇನ್ನೊಂದನ್ನು ಕೂಡಿಸಿದರೂ ಅದು ಸಂಖ್ಯಾತವೇ, ಸಾವಿರ ಸಲ ವರ್ಗಿಸಿದರೂ ಸಾಂತವೇ. ಅನಂತವನ್ನು ಬರಿಯ ಹಿರಿದೆಂದು ಭಾವಿಸಿ ಪೂಜಿಸುವವನು ಪೂಜಿಸುವುದು ಒಂದು ಸಂಖ್ಯೆಯನ್ನೇ ಹೊರತು ಅನಂತವನ್ನಲ್ಲ.