ಆರು ಎಳೆ ತಂತಿ

ಫ್ಯೂಸ್ ಹೋಯ್ತು ಅಂತ ನಾವು ಹೇಳೋ ಧಾಟಿಯಲ್ಲೇ ಒಂದು ದೂರು ಇರುತ್ತೆ, ಗಮನಿಸಿದ್ದೀರಾ? ಬಲ್ಬ್ ಹೋಯ್ತು, ಮಿಕ್ಸಿ ಹೋಯ್ತು ಅನ್ನೋ ಸಾಲಿಗೇ ಅದನ್ನೂ ಸೇರಿಸಿಬಿಡ್ತೀವಿ. ಬಲ್ಬ್ ಹೋದರೆ ಅದು ಕೆಟ್ಟಿದೆ ಅಂತ ಲೆಕ್ಕ. ಫ್ಯೂಸ್ ಹೋದರೆ ಅದು ತನಗೆ ಕೊಟ್ಟ ಒಂದೇ ಒಂದು ಕೆಲಸವನ್ನು ಮಾಡಿ ಮುಗಿಸಿದೆ ಅಂತ ಲೆಕ್ಕ. ಎಡಿಸನ್ ಮನೆಮನೆಗೆ ದೀಪ ಕೊಡೋ ತಯಾರಿಯಲ್ಲಿದ್ದಾಗಲೇ, 1880ರಲ್ಲಿ, ಹೀಗೆ ಮೊದಲು ಕರಗಿಹೋಗೋ ತಂತಿಗೂ ಪೇಟೆಂಟ್ ತೆಗೆದುಕೊಂಡಿದ್ದ. ದೀಪ ಬೇಕು ಅಂದವನಿಗೆ ದೀಪ ಆರಿಸೋ ವಸ್ತುವೂ ಬೇಕಾಗುತ್ತೆ ಅಂತ ಮೊದಲೇ ಗೊತ್ತಿತ್ತು.

ಹಾಸನದ ಕಡೆ ನಮ್ಮೂರಲ್ಲಿ ಇರೋದು ತೊಟ್ಟಿಮನೆ. ಊರಿಗೆ ಕರೆಂಟು ಬಂದ ಕಾಲದಲ್ಲಿ ಮಾಡಿದ ವೈರಿಂಗು. ತೊಲೆಗಳ ಉದ್ದಕ್ಕೂ ಮರದ ಪಟ್ಟಿ, ಅದರ ಮೇಲೆ ತಗಡಿನ ಕ್ಲಿಪ್ಪು ಹೊಡೆದ ರಬ್ಬರ್ ವೈರು. ನಾಲ್ಕು ಬಲ್ಬು, ಒಂದು ರೇಡಿಯೋಗೆ ಅಂತ ಹಾಕಿಸಿದ್ದು. ಆಮೇಲೆ ಫ್ಯಾನ್ ಬಂತು, ಟೀವಿ ಬಂತು, ಮಿಕ್ಸಿ ಬಂತು. ವೈರು ಮಾತ್ರ ಅದೇ. ಫ್ಯೂಸ್ 5 ಆಂಪಿಯರ್‌ದು.

2006ರ ಬೇಸಿಗೆಯಲ್ಲಿ ಚಿಕ್ಕಪ್ಪನ ಮಗಳ ಮದುವೆ. ಹಿಂದಿನ ದಿನ ಮನೆಯಲ್ಲಿ ಅರಿಶಿನ ಶಾಸ್ತ್ರ. ವಿಡಿಯೋದವನು ಸಾವಿರ ವ್ಯಾಟಿನ ಎರಡು ಹ್ಯಾಲೋಜನ್ ಲೈಟ್ ತಂದಿದ್ದ. ಅವನ್ನು ಹಾಕಿದ ಸ್ವಲ್ಪ ಹೊತ್ತಿಗೆ ಇಡೀ ಮನೆ ಕತ್ತಲು. ಫ್ಯೂಸ್ ಕಟ್ಟಿದರು, ಮತ್ತೆ ಹೋಯ್ತು. ಮೂರನೇ ಸಲಕ್ಕೆ ಚಿಕ್ಕಪ್ಪನಿಗೆ ತಲೆಕೆಟ್ಟು, ಯಾವುದೋ ಹಳೇ ಎಕ್ಸ್‌ಟೆನ್ಷನ್ ವೈರು ಸುಲಿದು, ಆರು ಎಳೆ ತಂತಿ ಹುರಿ ಮಾಡಿ ಫ್ಯೂಸಿಗೆ ಬಿಗಿದರು. "ಇನ್ ಹೆಂಗ್ ಹೋಗ್ತದೋ ನೋಡೇ ಬಿಡ್ತೀನಿ" ಅಂದರಂತೆ. ಹೋಗಲಿಲ್ಲ. ಶಾಸ್ತ್ರ ಚೆನ್ನಾಗಿ ನಡೀತು, ಸಿ.ಡಿ.ಯಲ್ಲಿ ಎಲ್ಲರ ಮುಖವೂ ಬೆಳ್ಳಗೆ ಬಂದಿದೆ.

ಲೆಕ್ಕ ಸುಲಭ. 2000 ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿದರೆ 8.7 ಆಂಪಿಯರ್. ನಾವು ಕೈಯಲ್ಲಿ ಕಟ್ಟೋ 5 ಆಂಪಿಯರ್ ಫ್ಯೂಸ್ ತಂತಿ 5 ದಾಟಿದ ತಕ್ಷಣ ಕರಗಲ್ಲ, ಅದು ಸುಮಾರು ಎರಡು ಪಟ್ಟಿನ ತನಕ ತಡೆಯುತ್ತೆ. ಹಾಗಾಗಿ ಲೈಟ್ ಹತ್ತಿದವು. ಒಳಗೆ ಯಾರೋ ಕಾಯಿ ರುಬ್ಬೋಕೆ ಮಿಕ್ಸಿ ಹಾಕಿದಾಗ ಮಿತಿ ದಾಟಿತು. ಇನ್ನೊಂದು ವಿಷಯ ಇದೆ. ಹ್ಯಾಲೋಜನ್ ಆಗಲಿ ಹಳೇ ಬಲ್ಬ್ ಆಗಲಿ, ತಣ್ಣಗಿರೋ ಫಿಲಮೆಂಟಿನ ಪ್ರತಿರೋಧ ಬಹಳ ಕಡಿಮೆ. ಸ್ವಿಚ್ ಒತ್ತಿದ ಮೊದಲ ಕ್ಷಣ ಅದು ಮಾಮೂಲಿನ ಹತ್ತು ಪಟ್ಟು ಕರೆಂಟು ಎಳೆದುಬಿಡುತ್ತೆ. ಎರಡನ್ನೂ ಒಂದೇ ಸ್ವಿಚ್ಚಿಗೆ ಕೊಟ್ಟರೆ ಫ್ಯೂಸಿಗೆ ಆ ಏಟು ಇಮ್ಮಡಿ.

ಹೋದ ಫ್ಯೂಸನ್ನು ಓದೋಕೂ ಬರುತ್ತೆ. ಮೇನ್ ಸ್ವಿಚ್ ಆಫ್ ಮಾಡಿ ಪಿಂಗಾಣಿ ಕಿತ್ತು ನೋಡಿದಾಗ ಒಳಗೆಲ್ಲಾ ಮಸಿ ಹಾರಿ ತಂತಿಯೇ ಮಾಯವಾಗಿದ್ದರೆ ಎಲ್ಲೋ ಶಾರ್ಟ್ ಆಗಿದೆ, ಮತ್ತೆ ಕಟ್ಟೋ ಮೊದಲು ಅದನ್ನ ಹುಡುಕಿ. ಮಸಿ ಇಲ್ಲದೆ ನಡುವೆ ಮಾತ್ರ ತುಂಡಾಗಿ ತುದಿಗೆ ಸಣ್ಣ ಗುಂಡು ಕಟ್ಟಿದ್ದರೆ ಲೋಡು ಜಾಸ್ತಿ. ಸ್ಕ್ರೂ ಬುಡದಲ್ಲೇ ಕರಗಿದ್ದರೆ ಸ್ಕ್ರೂ ಸಡಿಲ. ಊರಿನ ವೈರ್‌ಮನ್ ಒಬ್ಬರು ನನಗೆ ಇದನ್ನ ಹೇಳಿಕೊಟ್ಟರು. ಬಿ.ಇ. ನಾಲ್ಕು ವರ್ಷದಲ್ಲಿ ಯಾರೂ ಹೇಳಿರಲಿಲ್ಲ.

ಆರು ಎಳೆ ಹಾಕಿದರೆ ಏನಾಗುತ್ತೆ? ಆ ಎಳೆಗಳು ಒಂದೊಂದೂ ಹೆಚ್ಚುಕಡಿಮೆ 0.2 ಮಿ.ಮೀ. ದಪ್ಪ, ಅಂದರೆ ಒಂದೇ ಎಳೆ 5 ಆಂಪಿಯರ್ ಫ್ಯೂಸ್ ತಂತಿಗೆ ಸಮ. ಆರು ಸೇರಿಸಿದರೆ ಮೂವತ್ತು ಆಂಪಿಯರ್ ಹರಿದರೂ ಅದು ಮಿಸುಕಲ್ಲ. ಬಿಸಿ ಎಲ್ಲಿಗೆ ಹೋಗುತ್ತೆ ಮತ್ತೆ? ತೊಲೆ ಮೇಲಿನ ರಬ್ಬರ್ ವೈರಿಗೆ. ಕರೆಂಟು ಮೂರು ಪಟ್ಟಾದರೆ ಬಿಸಿ ಒಂಬತ್ತು ಪಟ್ಟು.

ಮದುವೆ ಮುಗೀತು, ಆರು ಎಳೆ ಅಲ್ಲೇ ಉಳೀತು. ಈಗ ಫ್ಯೂಸ್ ಹೋಗೋದೇ ಇಲ್ಲ ಅಂತ ಮನೆಯವರಿಗೆಲ್ಲ ಖುಷಿ. ಮುಂಚೆ ನೀರು ಕಾಯಿಸೋ ಕಾಯಿಲ್ ಹಾಕಿದರೆ ಕತ್ತಲಾಗ್ತಿತ್ತು, ಅದಕ್ಕೆ ಯಾರೂ ಹಾಕ್ತಿರಲಿಲ್ಲ. ಈಗ 1500 ವ್ಯಾಟಿನ ಕಾಯಿಲ್ ದಿನಾ ಬೆಳಗ್ಗೆ, ಜೊತೆಗೆ ಇಸ್ತ್ರಿಪೆಟ್ಟಿಗೆ. ಅಜ್ಜಿ ನಡುಮನೆಯಲ್ಲಿ ಮಲಗ್ತಿದ್ದರು. "ಏನೋ ಸುಟ್ಟ ವಾಸ್ನೆ ಬತ್ತದೆ ಕಣ್ರೋ" ಅಂತ ಎರಡು ಮೂರು ಸಲ ಹೇಳಿದ್ದರಂತೆ. "ಒಲೆ ಹೊಗೆ ಕಣವ್ವ" ಅಂತ ಉತ್ತರ. ದಸರಾ ಹೊತ್ತಿಗೆ ಅಟ್ಟ ಗುಡಿಸೋಕೆ ಹತ್ತಿದವರು ನೋಡಿದರೆ, ಅಜ್ಜಿಯ ಮಂಚದ ನೇರ ಮೇಲೆ ರಬ್ಬರ್ ಉದುರಿ ತಾಮ್ರ ಕಾಣ್ತಿತ್ತು. ಮರದ ಪಟ್ಟಿ ಗೇಣುದ್ದ ಕಪ್ಪಾಗಿತ್ತು. ಪಕ್ಕದಲ್ಲೇ ಅಡಿಕೆ ಮೂಟೆಗಳು.

ಏನೂ ಆಗಲಿಲ್ಲ. ಏನೂ ಆಗದೆ ಇದ್ದದ್ದರಿಂದಲೇ ಈ ಪ್ರಶ್ನೆಯನ್ನ ಸಮಾಧಾನವಾಗಿ ಕೇಳಬಹುದು: ಚಿಕ್ಕಪ್ಪ ಮಾಡಿದ್ದು ತಪ್ಪಾ?

ತಕ್ಷಣ ಹೌದು ಅನ್ನೋದು ಸುಲಭ, ಆದರೆ ನನಗೆ ಅದು ಅಷ್ಟು ಸರಿ ಅನ್ನಿಸಲ್ಲ. ಅವತ್ತು ಮನೆ ತುಂಬಾ ನೂರಾರು ಜನ. ಹಿತ್ತಿಲಲ್ಲಿ ಕೊಪ್ಪರಿಗೆಯಲ್ಲಿ ಸಾರು ಕುದೀತಿತ್ತು, ಮಕ್ಕಳು ಓಡಾಡ್ತಿದ್ದವು, ಬಾವಿಗೆ ಕಟ್ಟೆ ಅರ್ಧ ಮಾತ್ರ. ಕತ್ತಲೂ ಅಪಾಯವೇ. ಒಂದು ಅಪಾಯದ ಬದಲು ಇನ್ನೊಂದನ್ನ ಎರಡು ಗಂಟೆ ಮಟ್ಟಿಗೆ ಒಪ್ಪಿಕೊಂಡರು ಅಂತ ವಾದ ಮಾಡಬಹುದು. ಹ್ಯಾಲೋಜನ್ ಒಂದನ್ನ ತೆಗೆಸಿದ್ದರೆ ಎರಡೂ ಅಪಾಯ ತಪ್ಪುತ್ತಿತ್ತು, ಅದು ಬೇರೆ ಮಾತು. ಆದರೆ ಹೆಣ್ಣಿನ ತಂದೆಗೆ ಆ ಹೊತ್ತಲ್ಲಿ ವಿಡಿಯೋದವನ ಹತ್ತಿರ ಅಷ್ಟು ಹೇಳೋ ತಾಳ್ಮೆ ಎಲ್ಲಿಂದ ಬರಬೇಕು?

ನನ್ನ ಪ್ರಕಾರ ತಪ್ಪು ಶುರುವಾಗಿದ್ದು ರಾತ್ರಿ ಹನ್ನೊಂದು ಗಂಟೆಗೆ, ವಿಡಿಯೋದವನು ಲೈಟ್ ಬಿಚ್ಚಿಕೊಂಡು ಹೋದ ಮೇಲೆ. ಫ್ಯೂಸಿನ ವಿಚಿತ್ರ ಗುಣ ಅದು. ತೆಳು ತಂತಿ ಹಾಕಿದ್ದರೆ ಅದು ತಾನಿದ್ದೀನಿ ಅಂತ ಆಗಾಗ ನೆನಪಿಸುತ್ತೆ. ದಪ್ಪ ತಂತಿ ಹಾಕಿದ ಕ್ಷಣದಿಂದ ಅದನ್ನ ಹಾಕಿದ್ದೀವಿ ಅನ್ನೋದೇ ಮರೆತುಹೋಗುತ್ತೆ, ಯಾಕಂದರೆ ನೆನಪಿಸಬೇಕಾದ ವಸ್ತುವಿನ ಬಾಯಿಯನ್ನೇ ಕಟ್ಟಿದ್ದೀವಲ್ಲ. ನಾವು ಕೋಡಿನಲ್ಲಿ 'ಸದ್ಯಕ್ಕೆ ಇರಲಿ, ಆಮೇಲೆ ತೆಗೀಬೇಕು' ಅಂತ ಕಾಮೆಂಟ್ ಬರೆದು ಹೋಗ್ತೀವಿ. ಬರೆದವನು ಕಂಪನಿ ಬಿಟ್ಟು ಎರಡು ವರ್ಷವಾದರೂ ಅದು ಅಲ್ಲೇ ಇರುತ್ತೆ. ಚಿಕ್ಕಪ್ಪ ಕಾಮೆಂಟ್ ಕೂಡ ಬರೆದಿರಲಿಲ್ಲ.

ಇನ್ನೊಂದು ನನ್ನನ್ನ ಕಾಡೋ ವಿಷಯ: ಫ್ಯೂಸ್ ಹೋದಾಗ ತೊಂದರೆ ಆಗ್ತಿದ್ದದ್ದು ಯಾರಿಗೆ? ವಿಡಿಯೋದವನಿಗೆ, ಚಿಕ್ಕಪ್ಪನಿಗೆ, ಹಜಾರದಲ್ಲಿ ಕೂತ ನೆಂಟರಿಗೆ. ಆರು ಎಳೆ ಹಾಕಿದ ಮೇಲೆ ಆ ತೊಂದರೆ ಎಲ್ಲೂ ಮಾಯವಾಗಲಿಲ್ಲ, ಹಜಾರದಿಂದ ಎದ್ದು ನಡುಮನೆಗೆ ಹೋಗಿ ಅಜ್ಜಿಯ ಮಂಚದ ಮೇಲೆ ಕೂತುಕೊಂಡಿತು. ಅಜ್ಜಿಯನ್ನ ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಅವರು "ಹಾಕ್ರೋ, ಮಗಿನ್ ಮದ್ವೆ" ಅಂತಲೇ ಅಂದಿರೋರು, ಅನುಮಾನ ಬೇಡ. ಹಾಗಂತ ಸರಿಹೋಯ್ತಾ? ಅವರು ಒಪ್ಪುತ್ತಿದ್ದದ್ದು ಒಂದು ಸಂಜೆಗೆ. ನಾಲ್ಕೈದು ತಿಂಗಳಿಗಲ್ಲ, ಕಾಯಿಲ್ಲಿಗೂ ಅಲ್ಲ. ಕಣ್ಣಿಗೆ ಕಾಣದ, ಕೊನೆ ದಿನ ಇಲ್ಲದ ಅಪಾಯಕ್ಕೆ ಒಪ್ಪಿಗೆ ಅಂತ ಒಂದಿದೆಯಾ ಅನ್ನೋದೇ ನನಗೆ ಅನುಮಾನ. ಆಮೇಲೆ ಅಜ್ಜಿ ವಾಸನೆ ಅಂದಾಗ ಮನೆಗೆ ಉಳಿದಿದ್ದ ಫ್ಯೂಸ್ ಅವರೊಬ್ಬರೇ. ಅವರ ಮಾತಿಗೂ ಒಲೆ ಹೊಗೆ ಅಂತ ಆರು ಎಳೆ ಸುತ್ತಿದರು.

ಆಫೀಸಲ್ಲಿ ಇದು ಇನ್ನೂ ನಾಜೂಕಾಗಿ ನಡೆಯುತ್ತೆ. ನಾನು ಮುಂಚೆ ಇದ್ದ ಟೀಮಿನಲ್ಲಿ ಟೆಸ್ಟಿಂಗ್ ನೋಡ್ತಿದ್ದ ಒಬ್ಬರು ರಿಲೀಸ್‌ಗೆ ಮುಂಚೆ "ಈ ಶುಕ್ರವಾರಕ್ಕೆ ಆಗಲ್ಲ" ಅಂತ ನೇರ ಹೇಳ್ತಿದ್ದರು. ಪ್ರತೀ ಸಲ ಅಲ್ಲ, ಆಗದೇ ಇದ್ದಾಗ. ಅವರಿಗೆ 'ನೆಗೆಟಿವ್' ಅಂತ ಹೆಸರು ಬಂತು. ಅವರನ್ನ ಬೇರೆ ಪ್ರಾಜೆಕ್ಟಿಗೆ ಕಳಿಸಿ ಎಷ್ಟು ಕೊಟ್ಟರೂ ತಡೆಯೋ ಹುಡುಗನೊಬ್ಬನನ್ನ ತಂದರು. ಮೀಟಿಂಗಿನಲ್ಲಿ ಅವನಿಗೆ ಚಪ್ಪಾಳೆ. ಅವನು ಕೂರ್ತಿದ್ದದ್ದು ನನ್ನ ಪಕ್ಕದಲ್ಲಿ. ಅಸಿಡಿಟಿ ಮಾತ್ರೆಯನ್ನ ಪೆಪ್ಪರ್‌ಮಿಂಟಿನ ಥರ ಚೀಪ್ತಿದ್ದ, ರಾತ್ರಿ ಹತ್ತಕ್ಕೆ ಹೆಂಡತಿಯ ಫೋನ್ ಬಂದರೆ ಕಾರಿಡಾರಿಗೆ ಹೋಗಿ ಮಾತಾಡಿ ಮುಖ ತೊಳ್ಕೊಂಡು ಬರ್ತಿದ್ದ. ಡ್ಯಾಶ್‌ಬೋರ್ಡಿನಲ್ಲಿ ಎಲ್ಲಾ ಹಸಿರು.

ಫ್ಯೂಸನ್ನ ತ್ಯಾಗಮೂರ್ತಿ ಅಂತ ಹೊಗಳೋ ವಾಟ್ಸಾಪ್ ಮೆಸೇಜು ಬಂದರೆ ನನಗೆ ಸಿಟ್ಟು ಬರುತ್ತೆ. ಅದೇನು ತ್ಯಾಗ ಮಾಡಿಲ್ಲ, ಅದನ್ನ ತೆಳ್ಳಗೆ ಇಡಬೇಕು ಅಂತ ಯಾರೋ ಕೂತು ಲೆಕ್ಕ ಹಾಕಿ ಇಟ್ಟಿದ್ದಾರೆ. ನಾವು ಗೌರವಿಸಬೇಕಾದ್ದು ಆ ಲೆಕ್ಕವನ್ನ.

ಈಗ ಫ್ಯೂಸ್ ಕಟ್ಟೋ ಕಾಲ ಮುಗೀತಾ ಬಂತು. 500 ವ್ಯಾಟಿನ ಹ್ಯಾಲೋಜನ್ ಕೊಡ್ತಿದ್ದ ಬೆಳಕನ್ನ 100 ವ್ಯಾಟಿನ ಎಲ್‌ಇಡಿ ಕೊಡುತ್ತೆ, ಮದುವೆಮನೆ ಸಮಸ್ಯೆ ಅಷ್ಟಕ್ಕೆ ತೀರಿತು. ಪಿಂಗಾಣಿ ಜಾಗಕ್ಕೆ ಎಂಸಿಬಿ ಬಂದಿದೆ, ಅದಕ್ಕೆ ಎಳೆ ಸುತ್ತೋಕಾಗಲ್ಲ. ಆದರೆ ಪದೇ ಪದೇ ಟ್ರಿಪ್ ಆದರೆ "ಒಂದು ಸೈಜ್ ದೊಡ್ಡದು ಹಾಕ್ಬಿಡ್ತೀನಿ ಸರ್" ಅನ್ನೋ ಎಲೆಕ್ಟ್ರಿಶಿಯನ್ ಬೆಂಗಳೂರಿನ ಪ್ರತೀ ಏರಿಯಾದಲ್ಲೂ ಇದ್ದಾನೆ. ನೀವು ಬಾಡಿಗೆ ಮನೆಯಲ್ಲಿದ್ದರೆ ಇವತ್ತೇ ಬೋರ್ಡ್ ತೆಗೆದು ನೋಡಿ. ನಮ್ಮನೆಯಲ್ಲಿ 2.5 ಚದರ ಮಿ.ಮೀ. ವೈರಿಗೆ 32 ಆಂಪಿಯರ್ ಎಂಸಿಬಿ ಹಾಕಿತ್ತು. ಹಿಂದಿನ ಬಾಡಿಗೆದಾರರು ದೂರು ಹೇಳಿದ್ದಕ್ಕೆ ಹಾಕಿಸಿದ್ದಂತೆ. 16ರದ್ದು ಹಾಕಿಸಿಕೊಡಿ ಅಂತ ಓನರಿಗೆ ಫೋನ್ ಮಾಡಿದೆ. ಅವರಿಗೆ ಅರ್ಥವೇ ಆಗಲಿಲ್ಲ.

"ಎಲ್ಲರೂ ಟ್ರಿಪ್ ಆಗುತ್ತೆ ಅಂತ ಫೋನ್ ಮಾಡ್ತಾರೆ, ನೀವು ಟ್ರಿಪ್ ಆಗ್ತಿಲ್ಲ ಅಂತ ಮಾಡ್ತಿದೀರಲ್ರೀ."

"ಹೌದು ಸರ್."

"ಆಮೇಲೆ ಗೀಜರ್, ಇಂಡಕ್ಷನ್, ಇಸ್ತ್ರಿ ಎಲ್ಲಾ ಒಟ್ಟಿಗೆ ಹಾಕಿ ಹೋಯ್ತು ಅಂದ್ರೆ ನಾನು ಜವಾಬ್ದಾರನಲ್ಲ."

ಇನ್ನೂರ ಚಿಲ್ಲರೆ ರೂಪಾಯಿ ನಾನೇ ಕೊಟ್ಟು ಹಾಕಿಸಿದೆ. ಎರಡು ತಿಂಗಳಲ್ಲಿ ಮೂರು ಸಲ ಟ್ರಿಪ್ ಆಗಿದೆ. ಮೂರು ಸಲವೂ ಹೆಂಡತಿ ಬಚ್ಚಲಮನೆಯಿಂದ ಕೂಗಿದ್ದಾಳೆ. ನಾನು ಇಂಡಕ್ಷನ್ ಆಫ್ ಮಾಡಿ, ಸ್ವಿಚ್ ಎತ್ತಿ, ಅವಳ ಸ್ನಾನ ಮುಗಿಯೋ ತನಕ ಕಾಫಿಗೆ ಕಾದಿದ್ದೇನೆ.