ಸಂಕಲ್ಪವೇ ಕಾಯಿಲೆ ಬಿದ್ದಾಗ

ಶಿವಮೊಗ್ಗೆಯಲ್ಲಿ ನೆಲೆಸಿರುವ ನಿವೃತ್ತ ಸಂಸ್ಕೃತ ಪಂಡಿತರು, ಅವರಲ್ಲಿ ಓದಿ ಈಗ ಮನೋವೈದ್ಯೆಯಾಗಿರುವ ಶಿಷ್ಯೆ, ಬಹುಕಾಲ ಮದ್ಯಕ್ಕೆ ಅಧೀನನಾಗಿದ್ದು ಕೆಲವು ವರ್ಷಗಳಿಂದ ಅದನ್ನು ಮುಟ್ಟದಿರುವ ಅಕ್ಕಿಗಿರಣಿಯ ಗುಮಾಸ್ತ, ಈ ಮೂವರ ಮಾತು ಇದು. ಪಂಡಿತರ ತಮ್ಮನು ಕುಡಿಯುತ್ತಾನೆ. ಈಚೆಗೆ, ಯಾರೂ ಇಲ್ಲದೆಡೆಯಲ್ಲಿ ಯಾರೋ ತನ್ನನ್ನು ಬೈಯುತ್ತಿರುವರೆಂದು ಹೇಳತೊಡಗಿದ್ದಾನೆ. ಪಂಡಿತರ ಆಕ್ಷೇಪವನ್ನು ಹಳೆಯ ಕಾಲದ್ದೆಂದು ತಳ್ಳಿಬಿಡುವುದು ಸುಲಭ. ನನಗೆ ಅದು ಉತ್ತರಕ್ಕೆ ಅರ್ಹವಾದ ಆಕ್ಷೇಪವೆಂದೇ ತೋರಿತು.

ಪಂಡಿತರು: ಧರ್ಮರಾಯನಿಗಿಂತ ಧರ್ಮವನ್ನು ಬಲ್ಲವರು ಯಾರಮ್ಮ? ಆದರೂ, ಸೋತ ರಾಜ್ಯವನ್ನು ಧೃತರಾಷ್ಟ್ರನು ಹಿಂದಿರುಗಿಸಿದ ಮೇಲೆ ಇಂದ್ರಪ್ರಸ್ಥದ ಹಾದಿ ಹಿಡಿದಿದ್ದವನು, ನಡುದಾರಿಯಲ್ಲಿ ಕರೆ ಬಂದೊಡನೆ ಮತ್ತೆ ಪಗಡೆಯ ಹಾಸಿಗೆ ಮರಳಿದ. ಇದು ಸಂಕಲ್ಪದ ದೌರ್ಬಲ್ಯವಲ್ಲದೆ ಮತ್ತೇನು? ನೀನು ಇದನ್ನು ರೋಗವೆನ್ನುತ್ತೀಯೆ. ಹೊಣೆಯನ್ನೇ ಕಿತ್ತುಕೊಂಡ ಮೇಲೆ ನನ್ನ ತಮ್ಮನನ್ನು ಮನುಷ್ಯನೆಂದು ಗೌರವಿಸುವುದಾದರೂ ಹೇಗೆ?

ವೈದ್ಯೆ: ಹೊಣೆಯಿಲ್ಲವೆಂದು ನಾನು ಹೇಳಲೊಲ್ಲೆ, ಗುರುಗಳೇ. ಆದರೆ ತಾವು ತಂದ ನಿದರ್ಶನವೇ ತಿಳಿವಳಿಕೆಯೊಂದೇ ಸಾಲದೆಂಬುದನ್ನು ತೋರಿಸುತ್ತಿದೆ. 1954ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಓಲ್ಡ್ಸ್ ಮತ್ತು ಮಿಲ್ನರ್ ಎಂಬ ವಿಜ್ಞಾನಿಗಳು ಇಲಿಯ ಮಿದುಳಿನ ಒಂದು ಭಾಗಕ್ಕೆ ತಂತಿಯನ್ನಿಳಿಸಿ, ಸನ್ನೆಕೋಲನ್ನು ಒತ್ತಿದಾಗಲೆಲ್ಲ ಅಲ್ಲಿಗೆ ಕಿಂಚಿತ್ ವಿದ್ಯುತ್ತು ಹರಿಯುವಂತೆ ಮಾಡಿದರು; ಆ ಪ್ರಾಣಿಗಳು ಬೇರೆಲ್ಲವನ್ನೂ ಮರೆತು ಅದನ್ನೇ ಒತ್ತುತ್ತ ಹೋದವು. ಮದ್ಯ, ಅಫೀಮುಗಳು ಬೇರೆ ಬೇರೆ ಮಾರ್ಗವಾಗಿ ಕೊನೆಗೆ ಸೇರುವುದು ಆ ನೆಲೆಯನ್ನೇ. ಆರಿಸಿಕೊಳ್ಳುವ ಶಕ್ತಿ ಯಾವ ಅಂಗವನ್ನು ಆಶ್ರಯಿಸಿದೆಯೋ ಆ ಅಂಗಕ್ಕೇ ಪೆಟ್ಟು ಬಿದ್ದಾಗ, ಶಕ್ತಿ ನಾಶವಾಗದಿದ್ದರೂ ಕುಗ್ಗಿಹೋಗುತ್ತದೆ.

ಪಂಡಿತರು: ಇಲಿಗೆ ಧರ್ಮಸಂಕಟವಿಲ್ಲವಮ್ಮ.

ವೈದ್ಯೆ: ನಿಜ, ಆದ್ದರಿಂದಲೇ ಮನುಷ್ಯನ ಕಥೆ ಬೇರೆಯೂ ಹೌದು. ವಿಯೆಟ್ನಾಮಿನಲ್ಲಿ ಹೆರಾಯಿನ್‌ಗೆ ದಾಸರಾಗಿದ್ದ ಅಮೆರಿಕದ ಸೈನಿಕರನ್ನು 1970ರ ದಶಕದಲ್ಲಿ ಲೀ ರಾಬಿನ್ಸ್ ಎಂಬ ವಿದುಷಿ ಊರಿಗೆ ಮರಳಿದ ಮೇಲೂ ಹುಡುಕಿಕೊಂಡು ಹೋಗಿ ವಿಚಾರಿಸಿದಾಗ, ಬಹುಪಾಲು ಮಂದಿ ಮತ್ತೆ ಆ ದಾಸ್ಯಕ್ಕೆ ಬಿದ್ದಿರಲಿಲ್ಲ. ಸ್ಥಳ, ಸಹವಾಸ, ಭಯ, ಬಾಳಿಗೊಂದು ಗುರಿ, ಇವೆಲ್ಲ ಆ ಕುಗ್ಗಿದ ಶಕ್ತಿಯನ್ನು ಮತ್ತೆ ಹಿಗ್ಗಿಸಬಲ್ಲವು.

ಗುಮಾಸ್ತ: ನನ್ನದೊಂದು ಮಾತು ಸ್ವಾಮಿ. ಬೆಳಗಾಗೆದ್ದರೆ ಕೈ ನಡುಗಿ, ಕಾಫಿ ಲೋಟ ಬಾಯಿಗೆ ಬರುವಷ್ಟರಲ್ಲಿ ಅರ್ಧ ಅಂಗಿಯ ಮೇಲಿರುತ್ತಿತ್ತು. ಮೂಟೆ ಲೆಕ್ಕ ಬರೆಯಲು ಕೈ ನಿಲ್ಲಬೇಕಾದರೆ ಮೊದಲು ಒಂದು ನೈಂಟಿ ಬೀಳಬೇಕು. ಸುಖ ಯಾವತ್ತೋ ಹೋಗಿತ್ತು. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಪ್ಯಾಕೆಟ್ಟು ಹೋಗಿ ಬಾಟಲಿ ಬಂತು, ನಡುಕ ಮಾತ್ರ ಅಲ್ಲೇ ಉಳಿಯಿತು. ಕುಡಿತಕ್ಕಿಂತ ಮೊದಲೇ, ಮೀಸೆ ಮೂಡುವ ಕಾಲದಿಂದಲೂ ಎದೆಯಲ್ಲೊಂದು ಭಾರವಿತ್ತು, ಯಾಕೆ ಬದುಕಬೇಕು ಅನ್ನೋದು. ಹುಚ್ಚಿನ ಡಾಕ್ಟರ ಹತ್ತಿರ ಹೋದರೆ ಕುಡಿತ ಬಿಟ್ಟು ಬಾ ಅಂದರು. ಕುಡಿತ ಬಿಡಿಸುವಲ್ಲಿ, ತಲೆ ಸರಿಮಾಡಿಸಿಕೊಂಡು ಬಾ ಅಂದರು.

ವೈದ್ಯೆ: ನಮ್ಮವರು ಮಾಡುವ ಅತಿ ಕ್ರೂರವಾದ ಅನ್ಯಾಯವೆಂದರೆ ಇದೇ. ಯಾವುದು ಮೊದಲು ಬಂತೆಂಬ ಪ್ರಶ್ನೆಗೆ ಉತ್ತರ ಬೇಕು, ಆದರೆ ಅದು ಸಿಗುವವರೆಗೆ ರೋಗಿಯನ್ನು ಬಾಗಿಲಲ್ಲಿ ನಿಲ್ಲಿಸಬಾರದು. ಮದ್ಯವೇ ತಂದ ವಿಷಾದ ಬಹುಮಟ್ಟಿಗೆ ಬಿಟ್ಟ ಮೂರು ನಾಲ್ಕು ವಾರಗಳಲ್ಲಿ ತಿಳಿಯಾಗುತ್ತದೆ. ಉಳಿದದ್ದು ಸ್ವತಂತ್ರವಾದ ವ್ಯಾಧಿ, ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕು. ಆದರೆ ಸಾಯುವ ಯೋಚನೆಯೋ, ಇಲ್ಲದ ಧ್ವನಿಯೋ ಇದ್ದರೆ ವಾರಗಟ್ಟಲೆ ಕಾಯುವಂತಿಲ್ಲ. ಎರಡನ್ನೂ ಒಟ್ಟಿಗೇ, ಒಂದೇ ಸೂರಿನಡಿ ನೋಡಬೇಕು. ನಮ್ಮ 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಮದ್ಯ, ಮಾದಕಗಳ ದುರ್ಬಳಕೆಯಿಂದಾದ ಮನಃಸ್ಥಿತಿಗಳನ್ನು ಮನೋರೋಗದ ವ್ಯಾಖ್ಯೆಯಲ್ಲಿಯೇ ಸೇರಿಸಿದೆ.

ಪಂಡಿತರು: ನಿನ್ನಿಂದ ಮುಚ್ಚಿಡುವುದೇಕೆ? ನನ್ನ ತಮ್ಮನ ಹೆಂಡತಿ ಯಾವುದೋ ಜಾಹೀರಾತನ್ನು ನಂಬಿ ಒಂದು ಪುಡಿ ತರಿಸಿ, ಅವನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸುತ್ತಿದ್ದಾಳೆ.

ವೈದ್ಯೆ: ಇಂದೇ ನಿಲ್ಲಿಸಿ, ಗುರುಗಳೇ! ಅದು ಡೈಸಲ್ಫಿರಾಮ್ ಆಗಿದ್ದು ಅದರ ಮೇಲೆ ಅವರು ಕುಡಿದರೆ, ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಚಿತ್ತವಿಭ್ರಮೆಯಿದ್ದವರಲ್ಲಿ ಅದನ್ನು ಕೆರಳಿಸಲೂಬಹುದು. ತಿಳಿಸಿ ಒಪ್ಪಿಸಿ ಕೊಟ್ಟಾಗ ಅದೇ ಔಷಧ ಅನೇಕರಿಗೆ ಊರುಗೋಲಾಗಿದೆ. ರೋಗವೆಂದರೆ ಮನುಷ್ಯತ್ವಕ್ಕೆ ಕುಂದೆಂದು ತಾವು ಅಂಜಿದಿರಿ. ಕುಂದು ಬರುವುದು ಒಬ್ಬನ ಅನ್ನದಲ್ಲಿ ಅವನರಿಯದಂತೆ ಮದ್ದು ಬೆರೆಸಿದಾಗ, ಅವನ ಇಚ್ಛೆಯನ್ನು ಕೇಳುವುದಕ್ಕೂ ಯೋಗ್ಯವಲ್ಲವೆಂದು ಮನೆಯವರೆಲ್ಲ ಕೂಡಿ ತೀರ್ಮಾನಿಸಿದಾಗ.

ಪಂಡಿತರು: (ಬಹಳ ಹೊತ್ತಿನ ಮೇಲೆ) ಹಾಗಾದರೆ ಇವತ್ತೇ ಅವನ ಬಾಟಲಿಯನ್ನು ಕಿತ್ತೆಸೆದು ಕರೆತರಲೆ?

ವೈದ್ಯೆ: ಅದೂ ಬೇಡ. ವರ್ಷಗಟ್ಟಲೆ ನಿತ್ಯ ಕುಡಿದ ದೇಹಕ್ಕೆ ಹಠಾತ್ತಾಗಿ ತಪ್ಪಿಸಿದರೆ ಎರಡು ಮೂರು ದಿನಗಳೊಳಗೆ ಸೆಳೆತವೋ ಸನ್ನಿಯೋ ಬಂದು ಸಾಯುವುದುಂಟು. ಬಿಡಿಸುವುದು ಆಸ್ಪತ್ರೆಯಲ್ಲಿ, ಬಿ-1 ಜೀವಸತ್ವವನ್ನೂ ನಡುಕ ತಗ್ಗಿಸುವ ಔಷಧವನ್ನೂ ಕೊಡುತ್ತ ಆಗಬೇಕು. ನಾಳೆ ಬೆಳಿಗ್ಗೆ ಕರೆತನ್ನಿ.

ಪಂಡಿತರು: ಅವನು ಒಲ್ಲೆನೆಂದರೆ?

ಗುಮಾಸ್ತ: ನಾನೂ ಒಲ್ಲೆನೆಂದಿದ್ದೆ ಸ್ವಾಮಿ. ಆಗ ನನ್ನೆದುರು ಬಂದು ಕೂತವನು ಕುಡೀಬೇಡ ಅನ್ನಲಿಲ್ಲ, ರಾತ್ರಿ ನಿದ್ದೆ ಬರುತ್ತಾ ಅಂತ ಕೇಳಿದ. ನಾನೂ ಅಷ್ಟೇ ಕೇಳುತ್ತೇನೆ. ಮನೆಯಲ್ಲಿ ಯಾವ ಹೊತ್ತಿಗೆ ಸಿಗುತ್ತಾರೆ?

ಪಂಡಿತರು: ಗಿರಣಿ ಮುಗಿಸಿಕೊಂಡು ಆರು ಗಂಟೆಗೆ ಬಾರಪ್ಪ. ಅಷ್ಟರಲ್ಲಿ ಆ ಪುಡಿಯ ವಿಷಯವನ್ನು ನಾನೇ ಅವನಿಗೆ ಹೇಳಿರುತ್ತೇನೆ.